ಗುರುತು ಪರಿಚಯ ಇಲ್ಲದ ಊರಲ್ಲಿ ಪಾರ್ಲರ್ ಹಾಕಿದರೆ ನಡೆಯುತ್ತಾ?

ನಾನು ಕೂದಲಿನ ಕೆಲಸ ಕಲಿಸುತ್ತೇನೆ. ಕಲಿಯಲು ಬರುವ ಹೆಣ್ಣುಮಕ್ಕಳಲ್ಲಿ ಎಷ್ಟೋ ಜನ ಮದುವೆಯಾಗಿ ದುಬೈಗೋ, ಅಮೆರಿಕಕ್ಕೋ, ಇಲ್ಲಾ ಪುಣೆಗೋ ಹೋಗುವವರು. ಎಲ್ಲರೂ ಕೇಳುವುದು ಒಂದೇ. "ಮೇಡಂ, ಅಲ್ಲಿ ಭಾಷೆ ಬರಲ್ಲ, ಒಬ್ಬರ ಪರಿಚಯವೂ ಇಲ್ಲ. ಪಾರ್ಲರ್ ಹಾಕಿದ್ರೆ ನಡೆಯುತ್ತಾ?"

ನಡೆಯುತ್ತೆ. ಆದರೆ ಅಲ್ಲಿ ಬೇರೆಯವರು ಸರಿಯಾಗಿ ಮಾಡದ ಒಂದು ಕೆಲಸ ನಿಮ್ಮ ಕೈಯಲ್ಲಿರಬೇಕು. ಇದನ್ನು ಹೇಳುವಾಗ ನನಗೆ ಯಾವಾಗಲೂ ಕಾರ್ಲ್ ನೆಸ್ಲರ್ ನೆನಪಾಗುತ್ತಾರೆ. ಕೂದಲಿಗೆ ತೊಳೆದರೂ ಹೋಗದ ಗುಂಗುರು ಕೊಡುವುದನ್ನು ನಾವು ಪರ್ಮಿಂಗ್ ಅನ್ನುತ್ತೇವಲ್ಲ, ಆ ಕೆಲಸಕ್ಕೆ ದಾರಿ ಮಾಡಿದವರು.

ನೆಸ್ಲರ್ ಹುಟ್ಟಿದ್ದು 1872ರಲ್ಲಿ, ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್ ಕಡೆಯ ಟೋಡ್ಟ್‌ನೌ ಎಂಬ ಸಣ್ಣ ಊರಲ್ಲಿ. ಊರು ಬಿಟ್ಟು ಬೇರೆ ಬೇರೆ ಕಡೆ ಕೆಲಸ ಮಾಡುತ್ತಾ 1901ರಲ್ಲಿ ಲಂಡನ್ನಿಗೆ ಬಂದರು. ಆಗ ಹೆಂಗಸರು ಕಾದ ಇಕ್ಕಳದಿಂದ ಕೂದಲು ಗುಂಗುರು ಮಾಡಿಸಿಕೊಳ್ಳುತ್ತಿದ್ದರು. ತಲೆ ತೊಳೆದರೆ ಅದು ಹೋಗುತ್ತಿತ್ತು. ತೊಳೆದರೂ ಹೋಗದ ಗುಂಗುರು ಬೇಕು ಎಂದು ನೆಸ್ಲರ್ ವರ್ಷಗಟ್ಟಲೆ ಹಟ ಹಿಡಿದರು.

ಕೂದಲು ಅಂದರೆ ಕೆರಾಟಿನ್ ಎಂಬ ಪ್ರೋಟೀನು. ಅದರ ಎಳೆಗಳನ್ನು ಗಂಧಕದ ಬಂಧಗಳು ಹಿಡಿದಿಟ್ಟಿರುತ್ತವೆ. ಆ ಬಂಧ ಬಿಡಿಸಿ, ಬೇಕಾದ ಆಕಾರದಲ್ಲಿ ಮತ್ತೆ ಕೂಡಿಸಿದರೆ ಗುಂಗುರು ನಿಲ್ಲುತ್ತದೆ. ನೆಸ್ಲರ್ ಇದಕ್ಕೆ ಕ್ಷಾರ ಹಚ್ಚಿ ಕರೆಂಟಿನ ಬಿಸಿ ಕೊಟ್ಟರು. ಉದ್ದ ಕೂದಲನ್ನು ಹಿತ್ತಾಳೆ ರೋಲರ್‌ಗಳಿಗೆ ಸುತ್ತುತ್ತಿದ್ದರು. ಒಂದೊಂದು ರೋಲರ್ ಸುಮಾರು 900 ಗ್ರಾಂ ತೂಕ, ಅಂಥವು ಹನ್ನೆರಡು! ಆ ಭಾರ ತಲೆಯ ಮೇಲೆ ಬೀಳದಂತೆ, ಬಿಸಿ ಚರ್ಮಕ್ಕೆ ತಾಕದಂತೆ ಮೇಲಿನಿಂದ ತೂಗುಹಾಕಿರುತ್ತಿದ್ದರು. ಒಬ್ಬರಿಗೆ ಆರು ಗಂಟೆ ಹಿಡಿಯುತ್ತಿತ್ತು.

ಮೊದಲ ಪ್ರಯೋಗಗಳು ನಡೆದದ್ದು ಹೆಂಡತಿ ಕ್ಯಾಥರೀನಾ ಲೈಬ್ಲೆ ಮೇಲೆ. ಎರಡು ಸಲ ಆಕೆಯ ಕೂದಲು ಸುಟ್ಟೇ ಹೋಯಿತು, ನೆತ್ತಿಯ ಚರ್ಮವೂ ಬೆಂದಿತು. ಆಮೇಲೂ ಆಕೆ ಆ ಕುರ್ಚಿಯಲ್ಲಿ ಕೂತರು. ನೆಸ್ಲರ್ ಹೆಸರು ಹೇಳುವಾಗಲೆಲ್ಲ ಆಕೆಯ ಹೆಸರನ್ನೂ ಹೇಳಬೇಕು. ಅಷ್ಟು ನೋವು ತಿಂದದ್ದು ಆ ತಾಯಿ ಅಲ್ವಾ?

1905ರಲ್ಲಿ ಲಂಡನ್ನಿನಲ್ಲಿ ಎಲ್ಲರ ಎದುರು ಮಾಡಿ ತೋರಿಸಿದರು. ಕೆಲಸ ಕುದುರಿತು. ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು. ಜರ್ಮನಿಯವರು, ಶತ್ರು ದೇಶದವರು ಅಂತ ಆಸ್ತಿಯೆಲ್ಲ ಹೋಯಿತು. 1915ರಲ್ಲಿ ಬೇರೆ ಹೆಸರಿನಲ್ಲಿ ಹಡಗು ಹತ್ತಿ ನ್ಯೂಯಾರ್ಕ್ ಸೇರಿದರು.

ಅಲ್ಲಿ ನೋಡಿದರೆ ಅವರ ಯಂತ್ರದ ನೂರಾರು ನಕಲುಗಳು ಆಗಲೇ ಓಡುತ್ತಿದ್ದವು. ಬೇರೆಯವರಾಗಿದ್ದರೆ ಕೈಚೆಲ್ಲಿ ಕೂರುತ್ತಿದ್ದರೇನೋ. ಆದರೆ ಆ ನಕಲುಗಳಲ್ಲಿ ಹೆಚ್ಚಿನವು ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಎಷ್ಟು ಬಿಸಿ, ಎಷ್ಟು ಹೊತ್ತು, ಯಾವ ಕೂದಲಿಗೆ ಯಾವಾಗ ನಿಲ್ಲಿಸಬೇಕು ಅನ್ನುವುದು ಯಂತ್ರ ನಕಲು ಮಾಡಿದರೆ ಬರಲ್ಲ. ನೆಸ್ಲರ್ ಈಸ್ಟ್ 49ನೇ ಬೀದಿಯಲ್ಲಿ ಅಂಗಡಿ ಹಾಕಿದರು. ಆಮೇಲೆ ಶಿಕಾಗೊ, ಡೆಟ್ರಾಯ್ಟ್, ಫಿಲಡೆಲ್ಫಿಯಾ, ಪಾಮ್ ಬೀಚ್‌ಗಳಲ್ಲೂ ಸಲೂನ್ ಎದ್ದವು. ಮನೆಯಲ್ಲೇ ಮಾಡಿಕೊಳ್ಳುವ ಯಂತ್ರವನ್ನು 15 ಡಾಲರಿಗೆ ಮಾರಿದರು. 1929ರ ಷೇರುಪೇಟೆ ಕುಸಿತದಲ್ಲಿ ದುಡ್ಡು ಕಳೆದುಕೊಂಡರು, 1951ರಲ್ಲಿ ನ್ಯೂಜೆರ್ಸಿಯಲ್ಲಿ ತೀರಿಕೊಂಡರು.

ಈಗ ನೀವು ಮಾಡುವ ಸ್ಮೂದನಿಂಗ್, ಸ್ಟ್ರೈಟನಿಂಗ್ ಕೂಡ ಹೆಚ್ಚಾಗಿ ಅದೇ ಗಂಧಕದ ಬಂಧ ಬಿಡಿಸಿ ಕೂಡಿಸುವ ಕೆಲಸ. ಕ್ರೀಮು ಯಾರಿಗೆ ಬೇಕಾದರೂ ಸಿಗುತ್ತೆ. ಬಣ್ಣ ಹಾಕಿಸಿದ ಕೂದಲು, ಮೆಹಂದಿ ಹಚ್ಚಿದ ಕೂದಲು, ಹೆರಿಗೆಯಾದ ಮೇಲೆ ತೆಳುವಾದ ಕೂದಲು ಒಂದೇ ಥರ ನಡೆದುಕೊಳ್ಳಲ್ಲ. ಮೊದಲು ಒಂದು ಎಳೆಯ ಮೇಲೆ ಹಚ್ಚಿ ನೋಡುವುದನ್ನು ಬಿಡಬೇಡಿ. ಊರು ಬಿಡುವ ಮುಂಚೆ ಇಲ್ಲೇ ನೂರು ತಲೆ ಮುಟ್ಟಿ.

ಅಮೆರಿಕಕ್ಕೆ ಹೋಗುವವರಿಗೆ ಇನ್ನೊಂದು ಮಾತು. ಅಲ್ಲಿ ಈ ಕೆಲಸಕ್ಕೆ ಲೈಸೆನ್ಸ್ ಬೇಕು, ನಿಯಮ ರಾಜ್ಯದಿಂದ ರಾಜ್ಯಕ್ಕೆ ಬೇರೆ. ನ್ಯೂಯಾರ್ಕ್‌ನಲ್ಲಿ 1000 ಗಂಟೆ ತರಬೇತಿ ಕೇಳುತ್ತಾರೆ. ಗಂಡನ ವೀಸಾ ಮೇಲೆ ಹೋಗುವವರು ದುಡಿಯಲು ಅನುಮತಿ ಇದೆಯಾ ಅಂತಲೂ ಮೊದಲೇ ನೋಡಿಕೊಳ್ಳಿ. ಇಲ್ಲಿ ಕಲಿತ ಸರ್ಟಿಫಿಕೇಟು, ಎಷ್ಟು ಗಂಟೆ ಕಲಿತಿರಿ ಎಂಬ ಪತ್ರ ಎರಡನ್ನೂ ಇಂಗ್ಲಿಷಿನಲ್ಲಿ ಬರೆಸಿಕೊಂಡೇ ವಿಮಾನ ಹತ್ತಿ.