ಒಂದು ಎಕರೆ ಗದ್ದೆಗೆ ಲೇಸರ್ ಲೆವೆಲ್: ಉಪಕರಣ ಆಯ್ಕೆ, ಗ್ರಿಡ್ ಅಳತೆ

ಮಂಡ್ಯ ತಾಲ್ಲೂಕು, ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಅಚ್ಚುಕಟ್ಟಿನ ಒಂದು ಎಕರೆ ಭತ್ತದ ಗದ್ದೆ. ತೂಬಿನ ಹತ್ತಿರ ನೀರು ನಿಲ್ಲುತ್ತದೆ, ಮೂಡಲ ಬದುವಿನ ಕಡೆ ಏರುವುದೇ ಇಲ್ಲ. ಈಗ ಕೊಯ್ಲಾಗಿ ನೆಲ ಒಣಗಿದೆ. ಗದ್ದೆ ಮಟ್ಟ ಮಾಡುವ ಮೊದಲು ಎಲ್ಲಿ ಎಷ್ಟು ಏರುಪೇರಿದೆ ಅಂತ ಲೇಸರಿನಿಂದ ಅಳೆಯಬೇಕು.

ಉಪಕರಣ ನೋಡುವ ಮೊದಲು ಒಂದು ಲೆಕ್ಕ. ಎಕರೆ ಚೌಕವಾಗಿದ್ದರೆ ಪ್ರತಿ ಬದಿ ಸುಮಾರು 64 ಮೀಟರ್, ಉಪಕರಣ ಇಡುವ ನಡುಭಾಗದಿಂದ ಮೂಲೆಗೆ 45 ಮೀಟರ್. ಭತ್ತಕ್ಕೆ ಏರುಪೇರು 2 ಸೆಂ.ಮೀ. ಒಳಗೆ ಬಂದರೆ ಸಾಕು. ಹಾಗಾಗಿ 45 ಮೀಟರಿನಲ್ಲಿ ಉಪಕರಣ ಎಷ್ಟು ತಪ್ಪುತ್ತದೆ ಅನ್ನುವುದೊಂದೇ ಮುಖ್ಯ.

ಟೈಲ್ಸ್ ಕೆಲಸದವರ ಹಸಿರು ಕ್ರಾಸ್‌ಲೈನ್ ಲೇಸರ್ ಅಗ್ಗ. ಅದರ ಮೇಲೆ ಸಾಮಾನ್ಯವಾಗಿ 10 ಮೀಟರಿಗೆ ±3 ಮಿ.ಮೀ. ಅಂತ ಬರೆದಿರುತ್ತದೆ, ಅಂದರೆ ಮೂಲೆಯಲ್ಲಿ 13 ಮಿ.ಮೀ. ದಾಟುತ್ತದೆ. ಬಿಸಿಲಲ್ಲಿ ಗೆರೆ ಕಣ್ಣಿಗೆ ಕಾಣುವುದೂ ಇಲ್ಲ. ಇದನ್ನು ಗದ್ದೆಗೆ ಕೊಳ್ಳಬೇಡಿ. ಸುತ್ತಲೂ ಕಿರಣ ತಿರುಗಿಸುವ ರೋಟರಿ ಲೇಸರ್ 20 ಸೆಕೆಂಡ್ ಕೋನದ್ದಾದರೆ (ಒಂದು ಸೆಕೆಂಡ್ ಅಂದರೆ ಡಿಗ್ರಿಯ 3600ರಲ್ಲಿ ಒಂದು ಭಾಗ) ಅದೇ ದೂರದಲ್ಲಿ 4.4 ಮಿ.ಮೀ. ಮಾತ್ರ ತಪ್ಪುತ್ತದೆ. ದುರ್ಬೀನಿನಿಂದ ಮಟ್ಟ ನೋಡುವ ಆಟೋ ಲೆವೆಲ್ ಇದಕ್ಕಿಂತ ನಿಖರ, ಬೆಲೆಯೂ ಕಡಿಮೆ, ಆದರೆ ಒಬ್ಬರು ದುರ್ಬೀನು ನೋಡಬೇಕು, ಇನ್ನೊಬ್ಬರು ಸ್ಟಾಫ್ (ಅಳತೆ ಗುರುತಿನ ಕೋಲು) ಹಿಡಿಯಬೇಕು. ಜೊತೆಗೆ ಜನ ಇದ್ದರೆ ಅದನ್ನೇ ತೆಗೆದುಕೊಳ್ಳಿ. ಒಬ್ಬರೇ ಅಳೆಯುವುದಾದರೆ ರೋಟರಿಯೇ ಸರಿ. ಈ ಗದ್ದೆಗೆ ಅದೇ ಬಂದಿದೆ: ಸಮತಲ ಮಾತ್ರ ಕೊಡುವ ಕೆಂಪು ಲೇಸರ್. ಇಳಿಜಾರು ಹೊಂದಿಸುವ ಮಾದರಿಗೆ ಹೆಚ್ಚು ಹಣ ಕೊಡುವ ಅಗತ್ಯ ಭತ್ತದ ಮಡಿಗೆ ಇಲ್ಲ.

ಕೊಳ್ಳುವಾಗ ಜನ ಎಡವುವುದು ರಿಸೀವರಿನಲ್ಲಿ, ಅಂದರೆ ಸ್ಟಾಫಿಗೆ ಸಿಕ್ಕಿಸಿ ಕಿರಣ ಹಿಡಿಯುವ ಸಾಧನದಲ್ಲಿ. ಕೆಂಪಿನ ರಿಸೀವರ್ ಹಸಿರನ್ನು ಹಿಡಿಯದು. ಕ್ರಾಸ್‌ಲೈನಿನದು ರೋಟರಿಗೆ ಆಗದು. ಸೆಟ್ಟಿನಲ್ಲೇ ಬಂದದ್ದು ಕ್ಷೇಮ. ಟ್ರೈಪಾಡ್‌ಗೆ 5/8 ಇಂಚಿನ ಬೋಲ್ಟ್ ಇರಲಿ, ಕ್ಯಾಮೆರಾ ಸ್ಟ್ಯಾಂಡಿನ 1/4 ಇಂಚಿನದು ಕೂರುವುದಿಲ್ಲ. ಯಾರಾದರೂ ಮುಟ್ಟಿ ಅಲುಗಾಡಿಸಿದರೆ ತಾನೇ ನಿಲ್ಲುವ ಟಿಲ್ಟ್ ಅಲಾರಂ ಇಲ್ಲದಿದ್ದರೆ ಬಿಟ್ಟುಬಿಡಿ.

ಹೊಸದೇ ಆದರೂ ಪರೀಕ್ಷೆ ಮಾಡದೆ ನಂಬಬಾರದು. ಗೋಡೆಯಿಂದ 30 ಮೀಟರ್ ದೂರದಲ್ಲಿಟ್ಟು ಕಿರಣದ ಎತ್ತರ ಗುರುತು ಮಾಡಿ. ಉಪಕರಣವನ್ನು 180 ಡಿಗ್ರಿ ತಿರುಗಿಸಿ ಮತ್ತೆ ಗುರುತು ಹಾಕಿ. ಎರಡರ ಅಂತರ ನಿಜವಾದ ತಪ್ಪಿನ ಎರಡರಷ್ಟು. 20 ಸೆಕೆಂಡಿನದಕ್ಕೆ ಅದು 6 ಮಿ.ಮೀ. ದಾಟಬಾರದು. ಅಡ್ಡ ದಿಕ್ಕಿಗೂ ಹೀಗೇ ನೋಡಿ. ಒಂದು ದಿಕ್ಕಲ್ಲಿ ಸರಿಯಿದ್ದು ಇನ್ನೊಂದರಲ್ಲಿ ವಾಲಿರುವುದುಂಟು.

ಗ್ರಿಡ್ ಅಳತೆ ಮುಗಿದಿದೆ. ಉದ್ದಕ್ಕೂ ಅಡ್ಡಕ್ಕೂ 10 ಮೀಟರಿಗೊಂದು ಗೂಟ, ಒಟ್ಟು 49. ತೂಬಿನ ಹಾಸುಗಲ್ಲನ್ನು 100.000 ಮೀ. ಅಂತ ಹಿಡಿದಿದೆ. ಸಮುದ್ರಮಟ್ಟದ ಗೊಡವೆ ಬೇಡ. ಕೆಆರ್‌ಎಸ್ ತುಂಬಿತು ಅನ್ನುವ 124.80 ಅಡಿಯೂ ಸಮುದ್ರಮಟ್ಟದ ಲೆಕ್ಕವಲ್ಲ, ಅಣೆಕಟ್ಟೆಯದೇ ಮಾಪಕದ್ದು. ಕಲ್ಲಿನ ಮೇಲೆ ಸ್ಟಾಫ್ ಓದು 1.320, ಅಂದರೆ ಕಿರಣ 101.320ರಲ್ಲಿದೆ. ಗೂಟಗಳ ಸರಾಸರಿ ಓದು 1.482, ಹಾಗಾಗಿ ಗದ್ದೆಯ ಸರಾಸರಿ ಮಟ್ಟ 99.838, ತೂಬಿಗಿಂತ 16 ಸೆಂ.ಮೀ. ಕೆಳಗೆ. ಮಟ್ಟ ಮಾಡಿದ ಮೇಲೂ ನೀರು ಸಲೀಸಾಗಿ ಹರಿಯುತ್ತದೆ. ಮೂಡಲ ಮೂಲೆಯಲ್ಲಿ ಓದು 1.405: ಓದು ಕಡಿಮೆಯಾದಷ್ಟೂ ನೆಲ ಎತ್ತರ, ಅಲ್ಲಿ 7.7 ಸೆಂ.ಮೀ. ತೆಗೆಯಬೇಕು.

ಅಳೆಯುವಾಗ ಕಾಡುವುದು ಮೆತ್ತನೆ ನೆಲ. ಟ್ರೈಪಾಡಿನ ಮೂರೂ ಕಾಲಿಗೆ ಹಲಗೆ ತುಂಡು, ಸ್ಟಾಫ್ ಕೆಳಗೆ ಒಂದೇ ದಪ್ಪದ ಕಬ್ಬಿಣದ ತಟ್ಟೆ. ಕಲ್ಲಿನ ಮೇಲೆ ಓದುವಾಗಲೂ ಆ ತಟ್ಟೆ ಇರಬೇಕು, ಇಲ್ಲದಿದ್ದರೆ ಅದರ ದಪ್ಪವೇ ತಪ್ಪಾಗಿ ಸೇರುತ್ತದೆ. ಹತ್ತು ಓದಿಗೊಮ್ಮೆ ಕಲ್ಲಿಗೆ ಮರಳಿ ಓದಿ. ಕಿರಣ ಕಣ್ಣಿನ ಮಟ್ಟದಲ್ಲಿ ಸುತ್ತದಂತೆ ಟ್ರೈಪಾಡಿನ ಎತ್ತರ ಹೊಂದಿಸಿ. ಪಕ್ಕದಲ್ಲಿ ನಿಂತ ಕಬ್ಬು ಕಿರಣಕ್ಕೆ ಅಡ್ಡ ಬರುತ್ತದೆ, ಗಾಳಿ ಜೋರಾದರೆ ಲೇಸರ್ ನಿಂತು ನಿಂತು ಓಡುತ್ತದೆ. ಬೆಳಗಿನ ಹೊತ್ತೇ ಒಳ್ಳೆಯದು.

ಇದು ಎತ್ತರದ ಲೆಕ್ಕ ಮಾತ್ರ. ಗಡಿ ತಕರಾರಿದ್ದರೆ ಹದ್ದುಬಸ್ತಿಗೆ (ಗಡಿ ಗುರುತಿಸುವ ಅಳತೆಗೆ) ಅರ್ಜಿ ಹಾಕಿ ಸರ್ಕಾರಿ ಭೂಮಾಪಕರಿಂದಲೇ ಅಳತೆ ಆಗಬೇಕು.

ಮುಂದಿನ ಕೆಲಸ ಮಣ್ಣು ಎಳೆಯುವುದು. ಎಕರೆಗೆ 1 ಸೆಂ.ಮೀ. ಮಣ್ಣು ಅಂದರೆ 40 ಘನ ಮೀಟರ್, 100 ಘನ ಅಡಿಯ ಟ್ರೇಲರಿನಲ್ಲಿ 14 ಲೋಡು. ಮೂಡಲ ಮೂಲೆಯ ಮೇಲ್ಮಣ್ಣನ್ನು ಮೊದಲು ಬೇರೆ ರಾಶಿ ಹಾಕಿ ಕೊನೆಗೆ ಹರಡಬೇಕು, ಇಲ್ಲದಿದ್ದರೆ ಅಲ್ಲಿ ಪೈರು ಸೊರಗುತ್ತದೆ. ಗೂಟಗಳು ಕಿತ್ತುಹೋಗುವುದರಿಂದ ಸಾಲಿನ ಗುರುತನ್ನು ಬದುವಿನ ಕಲ್ಲುಗಳ ಮೇಲೆ ಬಣ್ಣದಲ್ಲಿ ಹಾಕಿದೆ; ಅದೇ 49 ಜಾಗದಲ್ಲಿ ಮತ್ತೆ ಓದಿ ನೋಡುವುದಿದೆ.