ನಿಂತ ಗಾಡಿಗೆ ಹೆಡ್‌ಲೈಟ್ ಯಾಕೆ?

ರಾತ್ರಿ ರಸ್ತೆ ಪಕ್ಕ ಗಾಡಿ ನಿಲ್ಲಿಸಿ, ಹೆಡ್‌ಲೈಟ್ ಉರಿಸಿಕೊಂಡೇ ಫೋನಿನಲ್ಲಿ ಮಾತಾಡುತ್ತ ಕೂರುವವರು, ಸಾಮಾನು ಇಳಿಸುವವರು, ಯಾರಿಗೋ ಕಾಯುವವರು ಎಲ್ಲೆಲ್ಲೂ ಇದ್ದಾರೆ. ಆರಿಸಿ ಅಂದರೆ ಬರುವ ಉತ್ತರ ಹೆಚ್ಚುಕಡಿಮೆ ಒಂದೇ: ‘ಲೈಟ್ ಇದ್ದರೆ ಗಾಡಿ ನಿಂತಿರೋದು ಎದುರಿನವರಿಗೆ ಕಾಣುತ್ತಲ್ಲ.’ ಕಾಣುವುದು ದೀಪ ಮಾತ್ರ. ಅದರ ಹಿಂದಿರುವ ಗಾಡಿ ಕಾಣುವುದಿಲ್ಲ, ಪಕ್ಕದಲ್ಲಿ ನಿಂತ ಮನುಷ್ಯರಂತೂ ಕಾಣುವುದೇ ಇಲ್ಲ.

ಇದಕ್ಕೆ ಕಾರಣ ಕಣ್ಣಿನೊಳಗಿದೆ. ತೀಕ್ಷ್ಣ ಬೆಳಕು ಕಣ್ಣಿಗೆ ಬಿದ್ದಾಗ ಅದರ ಒಂದು ಪಾಲು ಕಣ್ಣಿನ ಮಸೂರದಲ್ಲೇ ಚೆದುರಿ, ಅಕ್ಷಿಪಟದ ಮೇಲೆ ಮಂಜಿನ ಪರದೆ ಎಳೆದ ಹಾಗೆ ಹರಡುತ್ತದೆ. ದೀಪಕ್ಕೆ ಹತ್ತಿರವಿರುವ ವಸ್ತುಗಳ ಮೇಲೆ ಈ ಪರದೆ ಅತ್ಯಂತ ದಟ್ಟ. ದೀಪದಿಂದ ನೋಟದ ಕೋನ ಎರಡು ಪಟ್ಟಾದರೆ ಪರದೆ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ದೂರದ ಮರ ಕಂಡರೂ, ಕಾರಿನ ಬಾಗಿಲು ತೆಗೆದು ಇಳಿಯುತ್ತಿರುವ ಮಗು ಕಾಣುವುದಿಲ್ಲ. ವಯಸ್ಸಾದಂತೆ ಮಸೂರ ಮಬ್ಬಾಗಿ ಬೆಳಕು ಇನ್ನೂ ಹೆಚ್ಚು ಚೆದುರುತ್ತದೆ. ಅರವತ್ತು ದಾಟಿದವರು ರಾತ್ರಿ ಗಾಡಿ ಓಡಿಸಲು ಹಿಂಜರಿಯುವುದಕ್ಕೆ ಇದೂ ಒಂದು ಕಾರಣ.

ದೀಪ ದಾಟಿದ ಮೇಲೂ ತೊಂದರೆ ಮುಗಿಯುವುದಿಲ್ಲ. ಬೆಳಕಿಗೆ ಪಾಪೆ ಕ್ಷಣದಲ್ಲಿ ಕಿರಿದಾಗುತ್ತದೆ, ಹಿಗ್ಗುವುದು ಮಾತ್ರ ನಿಧಾನ. ಪೂರ್ತಿ ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ರಸ್ತೆಯಲ್ಲಿ ಅಷ್ಟು ಬೇಡ, ನೋಟ ಕುದುರಲು ಮೂರು ಸೆಕೆಂಡು ಹಿಡಿಯಿತು ಅಂದುಕೊಳ್ಳಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಅಷ್ಟರಲ್ಲಿ ಗಾಡಿ 50 ಮೀಟರ್ ಹೋಗಿರುತ್ತದೆ. ಅಷ್ಟು ದೂರ ಕಣ್ಣು ಕಟ್ಟಿ ಓಡಿಸಿದ ಹಾಗೆ.

‘ಡಿಪ್‌ನಲ್ಲೇ ಇಟ್ಟಿದ್ದೀನಲ್ಲ’ ಅನ್ನುವವರಿಗೆ ಒಂದು ಲೆಕ್ಕ ಹೇಳಬೇಕು. ಡಿಪ್ ಅಂದರೆ ಹೆಡ್‌ಲೈಟಿನ ತಗ್ಗಿಸಿದ ಬೆಳಕು. ಅದರ ಮೇಲಂಚನ್ನು ಸಾಮಾನ್ಯವಾಗಿ ಶೇ. 1ರಷ್ಟು ಕೆಳಕ್ಕೆ ಹೊಂದಿಸಿರುತ್ತಾರೆ, ಅಂದರೆ 10 ಮೀಟರ್ ದೂರಕ್ಕೆ 10 ಸೆಂ.ಮೀ. ಇಳಿಕೆ. ಎದುರಿನವರ ಕಣ್ಣನ್ನು ಕಾಪಾಡುವುದು ಇಷ್ಟೇ ಇಷ್ಟು ಓರೆ. ಈಗ ಗಾಡಿಯ ಮುಂದಿನ ಎರಡೂ ಚಕ್ರಗಳನ್ನು 10 ಸೆಂ.ಮೀ. ಎತ್ತರದ ಕಟ್ಟೆಯ ಮೇಲೆ ಹತ್ತಿಸಿ ನಿಲ್ಲಿಸಿ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ ಎರಡೂವರೆ ಮೀಟರ್ ಇದ್ದರೆ ಗಾಡಿಯ ಮೂತಿ ಶೇ. 4ರಷ್ಟು ಮೇಲೆದ್ದಿತು. ಒಂದು ಕಳೆದರೂ ಬೆಳಕು ಶೇ. 3ರಷ್ಟು ಮೇಲಕ್ಕೇ ಹೋಗುತ್ತದೆ. ನೆಲದಿಂದ 70 ಸೆಂ.ಮೀ. ಎತ್ತರದ ದೀಪವಾದರೆ 20 ಮೀಟರ್ ಆಚೆ ಬೆಳಕಿನ ಅಂಚು 130 ಸೆಂ.ಮೀ. ಮುಟ್ಟುತ್ತದೆ. ಸಾಧಾರಣ ಕಾರಿನಲ್ಲಿ ಕೂತವರ ಕಣ್ಣು ಅದಕ್ಕಿಂತ ಕೆಳಗಿರುತ್ತದೆ. ಹೆಸರಿಗೆ ಡಿಪ್, ಕೆಲಸದಲ್ಲಿ ಹೈ ಬೀಮ್. ಇಳಿಜಾರು, ಗೇಟಿನ ರ‍್ಯಾಂಪು, ಡಿಕ್ಕಿಯಲ್ಲಿ ಭಾರ ತುಂಬಿ ಹಿಂಭಾಗ ಕುಸಿದಿರುವುದು, ಎಲ್ಲದರ ಫಲವೂ ಇದೇ. ಹಾಲೋಜನ್‌ಗೆಂದು ಮಾಡಿದ ರಿಫ್ಲೆಕ್ಟರಿನೊಳಗೆ ಎಲ್‌ಇಡಿ ಬಲ್ಬ್ ತುರುಕಿದ್ದರೆ ಅಂಚು ಅನ್ನುವುದೇ ಉಳಿದಿರುವುದಿಲ್ಲ. ಬೆಳಕು ಹುಟ್ಟುವ ಜಾಗ ಒಂದೆರಡು ಮಿಲಿಮೀಟರ್ ಸರಿದರೂ ಕಿರಣಗಳು ದಿಕ್ಕಾಪಾಲಾಗುತ್ತವೆ.

ಎಲ್ಲಕ್ಕಿಂತ ಕೆಟ್ಟದ್ದು ರಾಂಗ್ ಸೈಡಿನಲ್ಲಿ ನಿಲ್ಲಿಸಿ ದೀಪ ಉರಿಸುವುದು. ಎಡಗಡೆ ಓಡಿಸುವ ಕಡೆಗಳಲ್ಲಿ ಡಿಪ್ ಬೆಳಕನ್ನು ಎಡಕ್ಕೆ ಸ್ವಲ್ಪ ಮೇಲೆತ್ತಿ ವಿನ್ಯಾಸ ಮಾಡಿರುತ್ತಾರೆ. ಎಡಅಂಚಿನ ಪಾದಚಾರಿಗಳು, ಫಲಕಗಳು ಕಾಣಲಿ ಎಂದು. ಬಲಅಂಚಿನಲ್ಲಿ ನಿಂತ ಗಾಡಿಯನ್ನು ಎದುರಿನವರು ದಾಟುವುದು ಅದರ ಎಡಗಡೆಯಿಂದ. ಅಂದರೆ ಮೇಲೆತ್ತಿದ ಆ ಭಾಗವೇ ಅವರ ಮುಖಕ್ಕೆ ಹೊಡೆಯುತ್ತದೆ. ಇನ್ನೂ ದೊಡ್ಡ ಅಪಾಯ ಬೇರೆ ಇದೆ. ಎದುರಿನ ಗಾಡಿಯ ದೀಪ ತಮ್ಮ ಬಲಕ್ಕೆ ಇರಬೇಕು ಅನ್ನುವುದು ಚಾಲಕರ ಮನಸ್ಸಿನಲ್ಲಿ ಕೂತುಬಿಟ್ಟಿರುತ್ತದೆ. ಈ ದೀಪವೂ ಓಡುವ ಗಾಡಿಯದೇ ಎಂದು ಭಾವಿಸಿ, ಅದನ್ನು ಬಲಕ್ಕೆ ಬಿಡಲು ಸ್ಟೇರಿಂಗ್ ಎಡಕ್ಕೆ ಎಳೆದರೆ ಅಲ್ಲಿ ರಸ್ತೆಯೇ ಇರುವುದಿಲ್ಲ. ಚರಂಡಿಗೋ ಹಳ್ಳಕ್ಕೋ ಇಳಿಯಬೇಕಾಗುತ್ತದೆ. ಬಲಗಡೆ ಓಡಿಸುವ ದೇಶಗಳಲ್ಲಿ ಇದೇ ಲೆಕ್ಕವನ್ನು ತಿರುಗಿಸಿಕೊಂಡರೆ ಆಯಿತು.

ಹಾಗಾದರೆ ನಿಲ್ಲಿಸುವಾಗ ಮಾಡಬೇಕಾದ್ದೇನು? ಗಾಡಿ ಪೂರ್ತಿ ನಿಂತು, ನ್ಯೂಟ್ರಲ್‌ಗೆ ಬಂದು, ಹ್ಯಾಂಡ್‌ಬ್ರೇಕ್ ಎಳೆದ ಮೇಲೆ ದೀಪದ ಸ್ವಿಚ್ಚನ್ನು ಒಂದು ಹಂತ ಹಿಂದಕ್ಕೆ, ಪಾರ್ಕಿಂಗ್ ಲೈಟಿಗೆ ತಿರುಗಿಸಿ. ಮುಂದೆ ಎರಡು, ಹಿಂದೆ ಎರಡು ಪುಟ್ಟ ದೀಪ. ಬಲ್ಬಿನದಾದರೆ ಸಾಮಾನ್ಯವಾಗಿ ಒಂದೊಂದು 5 ವ್ಯಾಟ್. ಗಾಡಿಯ ಅಗಲ ಎಷ್ಟು, ಅದು ಎಲ್ಲಿದೆ ಅನ್ನುವುದು ಕಾಣಲು ಅಷ್ಟು ಸಾಕು, ಅವನ್ನು ಮಾಡಿರುವುದೇ ಅದಕ್ಕೆ. ಡ್ಯಾಶ್‌ಬೋರ್ಡಿನಲ್ಲಿ ಬೆನ್ನಿಗೆ ಬೆನ್ನು ಕೊಟ್ಟ ಎರಡು ಹಸಿರು ದೀಪಗಳ ಗುರುತು ಇದರದ್ದು. ಕೆಳಕ್ಕೆ ಓರೆಯಾದ ಗೆರೆಗಳಿರುವ ಹಸಿರು ಗುರುತು ಡಿಪ್. ನೇರ ಗೆರೆಗಳ ನೀಲಿ ಗುರುತು ಹೈ ಬೀಮ್. ನಿಂತಾಗ ನೀಲಿ ಕಂಡರೆ ಮೊದಲು ಅದನ್ನು ಆರಿಸಿ. ಒಳಗೆ ಏನಾದರೂ ಹುಡುಕಬೇಕಿದ್ದರೆ ಚಾವಣಿಯ ದೀಪ ಇದೆ. ಸಾಮಾನು ಇಳಿಸಲು ನೆಲಕ್ಕೆ ಮುಖ ಮಾಡಿದ ಟಾರ್ಚ್ ಹೆಡ್‌ಲೈಟಿಗಿಂತ ಎಷ್ಟೋ ವಾಸಿ. ಹೆಡ್‌ಲೈಟ್ ಬೆಳಗುವುದು ಗಾಡಿಯ ಮುಂದೆ, ಸಾಮಾನು ಇರುವುದು ಹಿಂದೆ ಡಿಕ್ಕಿಯಲ್ಲಿ.

ಕತ್ತಲಾದಾಗ ತಾನಾಗಿ ಹತ್ತುವ ಆಟೋ ಲೈಟ್ ಇರುವ ಗಾಡಿಗಳಲ್ಲಿ ‘ಅದೇ ಆರುತ್ತೆ’ ಎಂದು ಕೂರುವಂತಿಲ್ಲ. ಕತ್ತಲಿದ್ದು ಎಂಜಿನ್ ಓಡುತ್ತಿರುವಷ್ಟು ಹೊತ್ತೂ ಬಹಳಷ್ಟು ಗಾಡಿಗಳಲ್ಲಿ ಅದು ಉರಿಯುತ್ತಲೇ ಇರುತ್ತದೆ. ಸ್ವಿಚ್ಚನ್ನು ಕೈಯಾರೆ ಪಾರ್ಕಿಂಗ್ ಲೈಟಿಗೆ ತರಬೇಕು. ಹೊರಡುವಾಗ ಮತ್ತೆ ಆಟೋಗೆ ತರುವುದು ಅಷ್ಟೇ ಮುಖ್ಯ. ಮರೆತರೆ, ಎಂಜಿನ್ ಓಡುವಾಗ ಮುಂದೆ ತಾನಾಗಿ ಉರಿಯುವ ಪುಟ್ಟ ‘ಹಗಲು ದೀಪ’ ಕಂಡು ಎಲ್ಲ ಸರಿಯಿದೆ ಅನಿಸುತ್ತದೆ, ಆದರೆ ಅನೇಕ ಗಾಡಿಗಳಲ್ಲಿ ಹಗಲು ದೀಪದ ಜೊತೆ ಹಿಂದಿನ ಕೆಂಪು ದೀಪ ಹತ್ತುವುದಿಲ್ಲ. ಪೂರ್ತಿ ಆಫ್ ಮಾಡುವ ಬದಲು ಪಾರ್ಕಿಂಗ್ ಹಂತಕ್ಕೆ ತನ್ನಿ ಎನ್ನುವುದು ಇದಕ್ಕೇ: ಮರೆತು ಹೊರಟರೂ ಹಿಂಬದಿ ಕತ್ತಲಾಗಿರುವುದಿಲ್ಲ. ಲಾಕ್ ಮಾಡಿದ ಮೇಲೂ ಅರ್ಧ, ಒಂದು ನಿಮಿಷ ಉರಿಯುವ ‘ಮನೆವರೆಗೆ ಬೆಳಕು’ ಸೌಲಭ್ಯವಿದ್ದರೆ ಸೆಟ್ಟಿಂಗಿನಲ್ಲಿ ಅವಧಿ ತಗ್ಗಿಸಿ. ಎದುರು ಯಾರದೋ ಮಲಗುವ ಕೋಣೆಯ ಕಿಟಕಿಯಿದ್ದರೆ ಆ ಸೌಲಭ್ಯವೇ ಬೇಡ.

ಹೊಸ ದ್ವಿಚಕ್ರ ವಾಹನಗಳಲ್ಲಿ ಎಷ್ಟೋ ಕಡೆ ಹೆಡ್‌ಲೈಟ್ ಆರಿಸುವ ಸ್ವಿಚ್ಚೇ ಇರುವುದಿಲ್ಲ. ಅಲ್ಲಿ ದಾರಿ ಒಂದೇ, ಎಂಜಿನ್ ಬಂದ್ ಮಾಡುವುದು. ಎಂಜಿನ್ ಓಡುತ್ತಿರುವಾಗಲೇ ಸೈಡ್ ಸ್ಟ್ಯಾಂಡ್ ಹಾಕಿದರೆ, ಹ್ಯಾಂಡಲ್ ತಿರುಗಿ ಬೆಳಕು ಎದುರಿನವರ ಕಣ್ಣಿಗೆ ಹೊಡೆಯುತ್ತಿಲ್ಲವೇ ನೋಡಿಕೊಳ್ಳಿ.

ರೈಲ್ವೆ ಗೇಟಿನ ಎರಡೂ ಕಡೆ ಎದುರು ಬದುರು ಸಾಲು ನಿಂತಾಗಲೂ ಮಾಡಬೇಕಾದ್ದು ಪಾರ್ಕಿಂಗ್ ಲೈಟೇ. ಮುಂದಿನವರ ಕನ್ನಡಿಗಳೂ ಆಗ ಉಸಿರಾಡುತ್ತವೆ. ಹಿಂದಿನ ಫಾಗ್ ಲ್ಯಾಂಪ್ ಉರಿಯುತ್ತಿದೆಯೇ ನೋಡಿ. ಅದರ ಬಲ್ಬ್ 21 ವ್ಯಾಟ್, ಟೇಲ್ ಲೈಟಿನದು 5. ಮಂಜಿಲ್ಲದ ರಾತ್ರಿಯಲ್ಲಿ ಹಿಂದಿನವರಿಗೆ ಅದು ಶಿಕ್ಷೆ.

ಟಯರ್ ಪಂಕ್ಚರ್ ಆಗಿ ನಿಂತಾಗ ಹೆಡ್‌ಲೈಟ್ ಆರಿಸುವುದು ಜೀವದ ಪ್ರಶ್ನೆ. ನಾಲ್ಕೂ ಇಂಡಿಕೇಟರ್ ಮಿನುಗಲಿ, ಪಾರ್ಕಿಂಗ್ ಲೈಟ್ ಇರಲಿ, ಹಿಂದೆ ತ್ರಿಕೋನ ಫಲಕ ಇಡಿ. ಹೆಡ್‌ಲೈಟ್ ಉರಿಯುತ್ತಿದ್ದರೆ ಚಕ್ರದ ಪಕ್ಕ ಕುಕ್ಕರುಗಾಲಲ್ಲಿ ಕೂತು ನಟ್ಟು ಬಿಚ್ಚುತ್ತಿರುವವರು ಎದುರಿನವರ ಪಾಲಿಗೆ ಇಲ್ಲವೇ ಇಲ್ಲ.

ಬ್ಯಾಟರಿಯ ಮಾತನ್ನೂ ಹೇಳಿಬಿಡಬೇಕು. 55 ವ್ಯಾಟಿನ ಎರಡು ಹಾಲೋಜನ್, ನಾಲ್ಕು ಪಾರ್ಕಿಂಗ್ ಬಲ್ಬ್, ನಂಬರ್ ಪ್ಲೇಟಿನ ದೀಪ ಸೇರಿ ಸುಮಾರು 135 ವ್ಯಾಟ್, ಅಂದರೆ 12 ವೋಲ್ಟಿನಲ್ಲಿ 11 ಆಂಪಿಯರ್. ಎಂಜಿನ್ ಬಂದ್ ಆಗಿದ್ದರೆ 45 ಆಂಪಿಯರ್-ಅವರ್ ಬ್ಯಾಟರಿ ಎರಡು ಗಂಟೆಯಲ್ಲಿ ಅರ್ಧ ಖಾಲಿ. ಹಳೆಯ ಬ್ಯಾಟರಿಯಾದರೆ ಅಷ್ಟಕ್ಕೇ ಸೆಲ್ಫ್ ಹೊಡೆಯುವುದಿಲ್ಲ. ಪಾರ್ಕಿಂಗ್ ಲೈಟು ಎಳೆಯುವುದು ಎರಡು ಆಂಪಿಯರ್ ಚಿಲ್ಲರೆ. ಒಂದೆರಡು ಗಂಟೆಗೆ ಚಿಂತೆಯಿಲ್ಲ, ರಾತ್ರಿಯಿಡೀ ಬಿಟ್ಟರೆ ಅದೂ ಬ್ಯಾಟರಿ ಇಳಿಸುತ್ತದೆ.

ಇಂಥ ದೀಪ ನಿಮ್ಮೆದುರು ಸಿಕ್ಕಿದರೆ ವೇಗ ಇಳಿಸಿ, ದೃಷ್ಟಿಯನ್ನು ನಿಮ್ಮ ಬದಿಯ ರಸ್ತೆ ಅಂಚಿನ ಗೆರೆಗೆ ಹರಿಸಿ. ಹಿಂದಿನಿಂದ ಹೊಡೆಯುತ್ತಿದ್ದರೆ ಒಳಗನ್ನಡಿಯ ಕೆಳಗಿನ ಪುಟ್ಟ ಲಿವರನ್ನು ಒತ್ತಿ. ಆಗ ನಿಮಗೆ ಕಾಣುವುದು ಗಾಜಿನ ಮುಂಭಾಗ ಹಿಂದಿರುಗಿಸುವ ಶೇ. 4ರಷ್ಟು ಬೆಳಕು ಮಾತ್ರ. ಸಿಟ್ಟಿಗೆ ಎದುರು ಹೈ ಬೀಮ್ ಹೊಡೆಯಬೇಡಿ, ಕುರುಡಾಗುವವರು ಒಬ್ಬರಿದ್ದಲ್ಲಿ ಇಬ್ಬರಾಗುತ್ತಾರೆ. ಮನೆ ಮುಂದೆ ನಿಂತವರಿಗೆ ಹೇಳಲು ಹೋಗುವುದಾದರೆ ದೀಪದ ಎದುರಿನಿಂದ ಹೋಗಬೇಡಿ. ರಸ್ತೆಗೆ ಇಳಿಯದೆ ಅಂಚಿನ ಕಡೆಯ ಕಿಟಕಿಗೆ ಬಂದು, ‘ಸ್ವಲ್ಪ ಹೆಡ್‌ಲೈಟ್ ಆಫ್ ಮಾಡ್ತೀರಾ, ಕಣ್ಣಿಗೆ ಹೊಡೀತಿದೆ’ ಅನ್ನಿ. ಬಹಳಷ್ಟು ಜನರಿಗೆ ಅದು ಉರಿಯುತ್ತಿರುವುದೇ ಗೊತ್ತಿರುವುದಿಲ್ಲ, ಸ್ವಿಚ್ಚಿಗೆ ಕೈ ಹಾಕಿಯೇ ಸಾರಿ ಅನ್ನುತ್ತಾರೆ.