ಆಪರಾನ್ ಮೇಷ್ಟ್ರು ಮತ್ತು ನಮ್ಮ ಗ್ಲೂಕೋಸ್ ಟೀ

ಹೋದ ತಿಂಗಳು ವಾಟ್ಸಾಪ್ ಗ್ರೂಪಿನಲ್ಲಿ ಮೇಷ್ಟ್ರು ತೀರಿಕೊಂಡ ಸುದ್ದಿ ಬಂತು. ಅದರ ಕೆಳಗೆ ಸಾಲಾಗಿ ಕೈಮುಗಿದ ಚಿತ್ರಗಳು. ಸ್ವಲ್ಪ ಹೊತ್ತಿಗೆ ನಮ್ಮ ಬ್ಯಾಚಿನವನೊಬ್ಬ ಬರೆದ: "ಅರ್ಧ ಗ್ಲೂಕೋಸ್ ಎಲ್ಲಿ ಹೋಯ್ತ್ರೋ?" ಆಫೀಸಿನಲ್ಲಿ ಕೂತವನು ಜೋರಾಗಿ ನಕ್ಕುಬಿಟ್ಟೆ. ಆಮೇಲೆ ಎದ್ದು ಹೊರಗೆ ಹೋಗಬೇಕಾಯಿತು. ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ಕಾಲೇಜಿನಿಂದ ಫೋನ್ ಬಂದಾಗ ಬೇರೆ ವಿಷಯ ಹೊಳೆಯಲೇ ಇಲ್ಲ.

ಬಿಎಸ್ಸಿ ಮೂರು ವರ್ಷದಲ್ಲಿ ಓದಿದ್ದು ಬಹುಪಾಲು ಮರೆತುಹೋಗಿದೆ. ಆದರೆ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಲ್ಯಾಕ್ ಆಪರಾನ್ ಹೇಳುತ್ತೇನೆ, ಅಂದರೆ ಹಾಲಿನ ಸಕ್ಕರೆ ಲ್ಯಾಕ್ಟೋಸನ್ನು ಬಳಸುವ ಜೀನುಗಳನ್ನು ಬ್ಯಾಕ್ಟೀರಿಯಾ ಒಟ್ಟಿಗೇ ಹಚ್ಚಿ ಆರಿಸುವ ವ್ಯವಸ್ಥೆ. ಮೈಕ್ರೋಬಯಾಲಜಿ ಮೇಷ್ಟ್ರಿಗೆ ಅದರ ಹುಚ್ಚು ಎಷ್ಟಿತ್ತೆಂದರೆ ಅವರ ಹೆಸರೇ ಆಪರಾನ್ ಮೇಷ್ಟ್ರು ಅಂತಾಗಿತ್ತು. ಅವರಿಗೂ ಅದು ಗೊತ್ತಿತ್ತು. ಪ್ಯಾರಿಸ್ಸಿನ ಕತೆಯನ್ನು ಪಕ್ಕದ ಬೀದಿಯ ಸುದ್ದಿಯಂತೆ ಹೇಳೋರು. ಊರೆಲ್ಲ ಜರ್ಮನ್ನರ ಕೈಯಲ್ಲಿದೆ, ಜಾಕ್ ಮೊನೋ ಅನ್ನೋ ಹುಡುಗ ಇ. ಕೋಲೈ ಅನ್ನೋ ಕರುಳಿನ ಬ್ಯಾಕ್ಟೀರಿಯಾಕ್ಕೆ ಎರಡೆರಡು ಸಕ್ಕರೆ ಬೆರೆಸಿ ಕೊಟ್ಟು ಬೆಳವಣಿಗೆ ಅಳೀತಾ ಕೂತಿದ್ದಾನೆ. ಗೆರೆ ಮೇಲೇರುತ್ತೆ, ನಿಲ್ಲುತ್ತೆ, ಮತ್ತೆ ಏರುತ್ತೆ. ಯಾಕೆ ನಿಂತಿತು? 1941ರ ಅವನ ಥೀಸಿಸ್ ಇದರ ಮೇಲೇ. ಉತ್ತರದ ಮುಖ್ಯ ಭಾಗ ಹುಡುಕಿ, ಸಹೋದ್ಯೋಗಿ ಜಾಕೋಬ್ ಜೊತೆ ಸೇರಿ 1961ರಲ್ಲಿ ಬರೆದ. 1965ರಲ್ಲಿ ಇಬ್ಬರಿಗೂ, ಜೊತೆಗೆ ಅವರ ಸಹೋದ್ಯೋಗಿ ಲ್ವಾಫ್ ಅವರಿಗೂ ನೊಬೆಲ್. "ಇಪ್ಪತ್ತು ವರ್ಷ ಕಣ್ರೋ, ಒಂದು ಗೆರೆ ನಡುವೆ ಯಾಕೆ ನಿಂತಿತು ಅಂತ ತಿಳಿಯೋಕೆ! ನೀವು ಇಪ್ಪತ್ತು ನಿಮಿಷ ಕೂರಲ್ಲ."

ಪಾಠ ಶುರುವಾಗುತ್ತಿದ್ದದ್ದು ಹಾಸ್ಟೆಲ್ ಮೆಸ್ಸಿನಿಂದ. ಗ್ಲೂಕೋಸ್ ಅಂದರೆ ತಟ್ಟೆಗೆ ಬಂದ ಅನ್ನ. ಲ್ಯಾಕ್ಟೋಸ್ ಅಂದರೆ ಸಿಪ್ಪೆ ಬಿಡಿಸಿ ತಿನ್ನಬೇಕಾದ ಹಲಸು, ಕೈಗೆ ಎಣ್ಣೆ ಬೇಕು, ಕತ್ತಿ ಬೇಕು. ಎದುರಿಗೆ ಅನ್ನ ಇರುವಾಗ ಯಾರು ಕತ್ತಿ ಹುಡುಕ್ತಾರೆ? ಲ್ಯಾಕ್ಟೋಸ್ ಒಡೆಯುವ ಕತ್ತಿಯೇ ಬೀಟಾ-ಗ್ಯಾಲಕ್ಟೋಸಿಡೇಸ್ ಅನ್ನೋ ಎಂಜೈಮು. ಬೇಡದಿದ್ದಾಗ ಬ್ಯಾಕ್ಟೀರಿಯಾ ಅದನ್ನು ಹೆಚ್ಚುಕಡಿಮೆ ಮಾಡುವುದೇ ಇಲ್ಲ, ಡಿಎನ್ಎ ಮೇಲೆ ರಿಪ್ರೆಸರ್ ಅನ್ನೋ ತಡೆಯುವ ಪ್ರೋಟೀನ್ ಕೂತಿರುತ್ತೆ. ಲ್ಯಾಕ್ಟೋಸ್ ಒಳಗೆ ಬಂದರೆ ಅದರ ಒಂದು ರೂಪ ರಿಪ್ರೆಸರ್ ಅನ್ನು ಎಬ್ಬಿಸಿ ಕಳಿಸುತ್ತೆ. ಆದರೆ ಗ್ಲೂಕೋಸ್ ಇರುವ ತನಕ ಲ್ಯಾಕ್ಟೋಸ್ ಬರುವ ಬಾಗಿಲೇ ಮುಚ್ಚಿರುತ್ತೆ, ಆ ಜೀನುಗಳನ್ನು ಚುರುಕು ಮಾಡುವ ಸೈಕ್ಲಿಕ್ ಎಎಂಪಿಯೂ ಕಡಿಮೆ. ಗ್ಲೂಕೋಸ್ ಮುಗಿಯಿತೋ, ಆಗ ಗಡಿಬಿಡಿ. ಎಂಜೈಮು ಸಾವಿರ ಪಟ್ಟು ಏರಬೇಕು, ಅದಕ್ಕೆ ಹೊತ್ತು ಬೇಕು. ಗೆರೆ ನಿಲ್ಲುವುದು ಅಲ್ಲೇ.

"ಇದು ಅಡುಗೆಭಟ್ಟರನ್ನ ಕರೆಸೋದಾ ಬೇಡವಾ ಅನ್ನೋ ಲೆಕ್ಕ. ಭಟ್ಟರು ಬಂದಾಗಿದೆ, ಒಲೆ ಉರೀತಿದೆ, ಆಗ?" ಅಂತ ಕೇಳಿ, ಗ್ಲೂಕೋಸ್ ಒಡೆಯುವ ಸಾಲಿನ ಎಂಜೈಮು ಫಾಸ್ಫೋಫ್ರಕ್ಟೋಕೈನೇಸ್‌ಗೆ ಹೋಗೋರು. ಇ. ಕೋಲೈಯಲ್ಲಿ ಕೆಳಗಿನ ಹಂತದಲ್ಲಿ ಬರುವ ಪಿಇಪಿ ಅನ್ನೋ ಪದಾರ್ಥ ರಾಶಿ ಬಿದ್ದರೆ ಈ ಎಂಜೈಮು ನಿಧಾನ ಆಗುತ್ತೆ, ಶಕ್ತಿ ಖರ್ಚಾಗಿದೆ ಅನ್ನೋ ಗುರುತಾದ ಎಡಿಪಿ ಜಾಸ್ತಿಯಾದರೆ ಚುರುಕಾಗುತ್ತೆ. ಅದು ಮಾಡಿಕೊಟ್ಟ ಫ್ರಕ್ಟೋಸ್ ಬಿಸ್‌ಫಾಸ್ಫೇಟ್ ಅದೇ ಸಾಲಿನಲ್ಲಿ ಮುಂದೆ ಇರುವ ಪೈರುವೇಟ್ ಕೈನೇಸ್ ಎಂಜೈಮನ್ನು "ಬರ್ತಿದೆ, ಬೇಗ ಬೇಗ" ಅಂತ ತಿವಿಯುತ್ತೆ. ಹೊಸದೇನೂ ಮಾಡಬೇಕಿಲ್ಲ, ಬರೀ ಉರಿ ಹೆಚ್ಚು ಕಡಿಮೆ ಮಾಡೋದು, ಕ್ಷಣದ ಕೆಲಸ.

ಈಗ ಟೀ ವಿಷಯ. ಎರಡನೇ ವರ್ಷ, ಜುಲೈ, ಮಲೆನಾಡಿನ ಮಳೆ. ಮಾರನೇ ದಿನ ಮೊನೋ ಪ್ರಯೋಗ ಮಾಡಬೇಕು, ಮೀಡಿಯಾ (ಬ್ಯಾಕ್ಟೀರಿಯಾ ಬೆಳೆಸುವ ದ್ರವ) ತಯಾರಿಸಲು ಸಂಜೆ ನಾಲ್ಕು ಜನ ಲ್ಯಾಬಿನಲ್ಲಿದ್ದೆವು. ಚಳಿ. ಒಬ್ಬನ ಹತ್ತಿರ ಟೀಪುಡಿ, ಹಾಲು ಇತ್ತು. ಬೀಕರ್ ಇತ್ತು, ಬನ್ಸೆನ್ ಬರ್ನರ್ ಇತ್ತು. ಸಕ್ಕರೆ ಇರಲಿಲ್ಲ, ಕಪಾಟಿನಲ್ಲಿ ಗ್ಲೂಕೋಸ್ ಬಾಟಲಿ ಇತ್ತು. ಗ್ಲೂಕೋಸ್ ಸಕ್ಕರೆಯಷ್ಟು ಸಿಹಿಯಲ್ಲ ಅನ್ನೋದನ್ನು ಪುಸ್ತಕದಲ್ಲಿ ಓದಿದ್ದೆವು, ಅವತ್ತು ನಾಲಿಗೆಯಲ್ಲಿ ಕಲಿತೆವು. ಇನ್ನೊಂದು ಚಮಚ, ಮತ್ತೊಂದು ಚಮಚ ಅಂತ ಹಾಕುತ್ತಾ ಹೋದೆವು. (ಇ. ಕೋಲೈ ಬೆಳೆಸುವ ಲ್ಯಾಬಿನಲ್ಲಿ ಬೀಕರಿನಲ್ಲಿ ಟೀ! ಈಗ ನನ್ನ ಕೈಕೆಳಗಿನವರು ಹೀಗೆ ಮಾಡಿದರೆ ಅವತ್ತೇ ಮನೆಗೆ ಕಳಿಸುತ್ತೇನೆ.) ಕೊನೆಗೆ ಮೀಡಿಯಾಕ್ಕೆ ಬೇಕಾಗಿದ್ದದ್ದು ಬರೀ 50 ಮಿಲಿಗ್ರಾಂ. ಬಾಟಲಿಯ ತಳ ಕೆರೆದರೆ 25 ಬಂತು. ಯಾರಿಗೆ ಗೊತ್ತಾಗುತ್ತೆ ಅಂತ ಅಷ್ಟನ್ನೇ ಹಾಕಿದೆವು. ಇನ್ನೊಂದು ಬ್ಯಾಚಿನವರು ಮಧ್ಯಾಹ್ನವೇ ತೂಗಿಟ್ಟು ಹೋಗಿದ್ದರು.

ಬೆಳಿಗ್ಗೆ ಎಂಟಕ್ಕೆ ಶುರು. ಇಪ್ಪತ್ತು ನಿಮಿಷಕ್ಕೊಮ್ಮೆ ಕಲರಿಮೀಟರಿಗೆ ಇಟ್ಟು, ದ್ರವ ಎಷ್ಟು ಮಬ್ಬಾಗಿದೆ ಅಂತ ಓದಬೇಕು. ನಮ್ಮ ಗೆರೆ ಅವರಿಗಿಂತ ಒಂದು ಗಂಟೆ ಮುಂಚೆಯೇ ಅಡ್ಡ ಮಲಗಿತು. ನಾವೇ ಫಸ್ಟ್ ಅಂತ ಹಿಗ್ಗಿದೆವು! ಸಂಜೆ ಮೇಷ್ಟ್ರು ಎರಡು ಗ್ರಾಫ್ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದರು. ಇನ್ನೊಂದು ಬ್ಯಾಚಿನವರ ಮೊದಲ ಮೆಟ್ಟಿಲು 0.6ರ ಹತ್ತಿರ, ನಮ್ಮದು 0.3. ಮೊದಲ ಮೆಟ್ಟಿಲಿನ ಎತ್ತರ ಹಾಕಿದ ಗ್ಲೂಕೋಸಿನಷ್ಟೇ ಅಂತ ಮೊನೋ ಅವತ್ತೇ ತೋರಿಸಿದ್ದ. ನಮಗೆ ಅದು ತಲೆಗೇ ಹೋಗಿರಲಿಲ್ಲ.

"ಅರ್ಧ ಗ್ಲೂಕೋಸ್ ಎಲ್ಲಿ ಹೋಯ್ತ್ರೋ?"

ಯಾರೂ ಮಾತಾಡಲಿಲ್ಲ. ಅವರು ಸಿಂಕಿನಲ್ಲಿದ್ದ ಬೀಕರ್ ಎತ್ತಿದರು. ಅಂಚಿಗೆ ಟೀಪುಡಿ ಅಂಟಿತ್ತು. "ಸಿಹಿ ಸಾಕಾಯ್ತಾ?" ಅಂದರು. "ಸ್ವಲ್ಪ ಕಮ್ಮಿ ಸಾರ್" ಅಂದವನು ನಾನೇ. ಹೇಗೆ ಬಾಯಿಗೆ ಬಂತೋ. ಪ್ರಯೋಗ ಪೂರ್ತಿ ಮತ್ತೆ ಮಾಡಿಸಿದರು, ಅದೂ ಭಾನುವಾರ, ಸಂಜೆಯವರೆಗೆ ತಾವೂ ಸ್ಟೂಲಿನ ಮೇಲೆ ಕೂತು.

ಮೊನ್ನೆ ಅಣ್ಣನ ಮಗಳಿಗೆ ಇದೇ ಪಾಠ ಇತ್ತು. ಕಂಪ್ಯೂಟರಿನಲ್ಲಿ ಮೌಸ್ ಒತ್ತಿದರೆ ಎರಡು ಮೆಟ್ಟಿಲಿನ ಗೆರೆ ತಾನೇ ಬರುತ್ತೆ, ಪ್ರತಿಸಲ ಒಂದೇ ಥರ, ಕೆಳಗೆ ನಾಲ್ಕು ಆಯ್ಕೆಯ ಪ್ರಶ್ನೆ. ಹತ್ತಕ್ಕೆ ಹತ್ತು ತೆಗೆದಿದ್ದಾಳೆ. ಗೆರೆ ನಿಂತಾಗ ಒಳಗೆ ಏನಾಗ್ತಿರುತ್ತೆ ಅಂದೆ. "ಅದು ಪೋರ್ಷನ್‌ನಲ್ಲಿಲ್ಲ ಚಿಕ್ಕಪ್ಪ" ಅಂದಳು. ಅವಳ ತಪ್ಪಲ್ಲ ಬಿಡಿ.

ನಾನೀಗ ಎಂಜೈಮ್ ಕಾರ್ಖಾನೆಯಲ್ಲಿ ಸಾವಿರಾರು ಲೀಟರಿನ ಫರ್ಮೆಂಟರುಗಳನ್ನು ನೋಡಿಕೊಳ್ಳುವವನು. ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತೇನೆ, ಬ್ಯಾಚ್ ಕೆಟ್ಟರೆ ಮೊದಲು ನನ್ನನ್ನೇ ಕರೆಯುತ್ತಾರೆ. ಗ್ಲೂಕೋಸನ್ನು ಒಮ್ಮೆಗೇ ಸುರಿದರೆ ಇ. ಕೋಲೈ ಅಸಿಟೇಟ್ ಉಗುಳಿ ಕೂರುತ್ತೆ, ನಮಗೆ ಬೇಕಾದ್ದನ್ನು ಮಾಡಲ್ಲ. ಹಾಗಾಗಿ ಹನಿ ಹನಿಯಾಗಿ ಬಿಡಬೇಕು. ಹೊಸಬರು ಅವಸರ ಮಾಡಿದಾಗ ಮೆಸ್ಸು, ಹಲಸು, ಭಟ್ಟರ ಒಲೆ ಎಲ್ಲ ಹೇಳುತ್ತೇನೆ. ನನ್ನದೇ ಮಾತು ಅಂದುಕೊಳ್ಳುತ್ತಾರೆ, ನಾನೂ ತಿದ್ದಲು ಹೋಗಿಲ್ಲ.

ಮೇಷ್ಟ್ರ ಮನೆಗೆ ಹೋದಾಗ ನಮ್ಮ ಹಳೇ ಲ್ಯಾಬ್ ಅಟೆಂಡರ್ ಸಿಕ್ಕಿದರು. ಆ ವರ್ಷ ಸ್ಟಾಕ್ ರಿಜಿಸ್ಟರಿನಲ್ಲಿ ಗ್ಲೂಕೋಸಿನ ಎದುರು ಮೇಷ್ಟ್ರೇ "ಮಳೆಗಾಲದ ತೇವಕ್ಕೆ ಹಾಳಾಗಿದೆ" ಅಂತ ಬರೆದು ಸಹಿ ಹಾಕಿದ್ದರಂತೆ. ನಮಗೆ ಯಾರಿಗೂ ಗೊತ್ತಿರಲಿಲ್ಲ. ಈ ಲೇಖನದ ಜೊತೆ 500 ಗ್ರಾಮಿನ ಬಾಟಲಿಯೊಂದನ್ನು ಕಳಿಸುತ್ತಿದ್ದೇನೆ. ದಯವಿಟ್ಟು ಸ್ಟಾಕಿಗೆ ಸೇರಿಸಿಕೊಳ್ಳಿ. ಕಪಾಟಿಗೆ ಬೀಗ ಇರಲಿ.